ಮೂಳೆಯ ಕಣಿ ಪ್ರಾಚೀನ ಚೀನಾದ ಶಾಂಗ್ ದೊರೆಗಳ ಆಡಳಿತಕ್ಕೆ ನೆರವಾಯಿತೇ?

ಪರ

ಆಮೆಯ ಎದೆಚಿಪ್ಪನ್ನೋ ದನದ ಮೂಳೆಯನ್ನೋ ಸುಟ್ಟು ಭವಿಷ್ಯ ಕೇಳುವುದು ಬರೀ ಮೌಢ್ಯ ಎನ್ನುವವರು ಆ ಕೆಲಸದ ಕ್ರಮವನ್ನು ಒಮ್ಮೆ ನೋಡಬೇಕು. ಚಿಪ್ಪನ್ನು ಕೆರೆದು ನಯ ಮಾಡಿ, ಒಳಮೈಯಲ್ಲಿ ಸಾಲಾಗಿ ಉದ್ದನೆಯ ಕುಳಿಗಳನ್ನೂ ಅವುಗಳ ಮಗ್ಗುಲಿಗೇ ದುಂಡು ಕುಳಿಗಳನ್ನೂ ತೋಡುತ್ತಿದ್ದರು. ಆಚೆಗೆ ತೂತು ಬೀಳಕೂಡದು. ತಳ ದಪ್ಪ ಉಳಿದರೆ ಎಷ್ಟು ಕಾಯಿಸಿದರೂ ಬಿರುಕು ಸರಿಯಾಗಿ ಮೂಡದು. ಕುಳಿಗೆ ಕಾವು ಕೊಟ್ಟಾಗ ಹೊರಮೈಯಲ್ಲಿ ಒಂದು ನಿಲುಗೆರೆ, ಅದರಿಂದ ಕವಲೊಡೆದ ಒಂದು ಅಡ್ಡಗೆರೆ ಕಾಣಿಸುತ್ತಿತ್ತು. ಆ ಬಿರುಕನ್ನು ಓದಿ ಶುಭವೋ ಅಶುಭವೋ ಹೇಳುತ್ತಿದ್ದರು. ಬಿರುಕಿನ ಪಕ್ಕ ಅದರ ಸಂಖ್ಯೆ, ಬಳಿಕ ದಿನ, ಕಣಿಗಾರನ ಹೆಸರು, ಕೇಳಿದ ಸಂಗತಿ ಇಷ್ಟನ್ನೂ ಕೆತ್ತುತ್ತಿದ್ದರು.

ಕೇಳುವ ರೀತಿಯಲ್ಲೇ ವಿವೇಕವಿದೆ. ಸುಮಾರು ಕ್ರಿ.ಪೂ. 1200ರ ವೂ ಡಿಂಗ್ ದೊರೆಯ ಕಾಲದಲ್ಲಿ ಸಾಮಾನ್ಯವಾಗಿ ಚಿಪ್ಪಿನ ಬಲಕ್ಕೆ 'ಆಗುತ್ತದೆ', ಎಡಕ್ಕೆ 'ಆಗುವುದಿಲ್ಲ' ಎಂದು ಎರಡನ್ನೂ ಬರೆಯುತ್ತಿದ್ದರು. ಮಳೆ, ಬೆಳೆ, ಯುದ್ಧ, ಹಲ್ಲುನೋವು, ಎಲ್ಲಕ್ಕೂ ಹೀಗೆಯೇ. ರಾಣಿ ಫೂ ಹಾವೊಳ ಹೆರಿಗೆಯ ಚಿಪ್ಪು ನೋಡಿ: 'ಡಿಂಗ್ ದಿನ ಹೆತ್ತರೆ ಒಳ್ಳೆಯದು, ಗೆಂಗ್ ದಿನವಾದರೆ ಮಹಾಶುಭ' ಎಂದ ದೊರೆ (ಡಿಂಗ್, ಗೆಂಗ್ ಎಂಬವು ಅವರ ಹತ್ತು ದಿನದ ವಾರದ ದಿನಗಳ ಹೆಸರು). 31 ದಿನಗಳ ಮೇಲೆ, ಜಿಯಾಯಿನ್ ದಿನ, ಹೆರಿಗೆಯಾಯಿತು. 'ಒಳ್ಳೆಯದಾಗಲಿಲ್ಲ, ಹೆಣ್ಣು' ಎಂದು ಅಲ್ಲೇ ಕೆತ್ತಿದ್ದಾರೆ. ಅರಮನೆಯ ನಿರಾಸೆಯನ್ನೂ ಮುಚ್ಚಿಡದ ದಾಖಲೆ ಇದು! 1936ರಲ್ಲಿ ಶಾಂಗ್ ರಾಜಧಾನಿಯಿದ್ದ ಆನ್ಯಾಂಗ್ ಬಳಿ ಒಂದೇ ಗುಂಡಿಯಲ್ಲಿ 17,000ಕ್ಕೂ ಹೆಚ್ಚು ತುಂಡುಗಳು ಸಿಕ್ಕವು. ಕಡತವಿಡುವ ಶಿಸ್ತು ಎಂದರೆ ಇನ್ನೇನು? ನರಬಲಿಯ ಮಾತು ಎತ್ತುವವರಿದ್ದಾರೆ. ಅದು ಬೇರೆಯೇ ವಿಷಯ, ಇಲ್ಲಿ ಬೇಡ.

ವಿರೋಧ

ಕುಳಿ ತೋಡಿದವರ ಕೈಚಳಕದ ಬಗ್ಗೆ ತಕರಾರಿಲ್ಲ. ಎರಡೂ ಬದಿ ಕೇಳುವ ಪದ್ಧತಿ ನನಗೂ ಇಷ್ಟವೇ. ವಿರೋಧಿಸಬೇಕಾದ್ದು ಬಿರುಕನ್ನು ಓದಿದವನನ್ನು. ಆ ಅಧಿಕಾರ ಹೆಚ್ಚುಕಡಿಮೆ ದೊರೆಯೊಬ್ಬನದೇ ಆಗಿತ್ತು. ಫೂ ಹಾವೊಳ ಚಿಪ್ಪನ್ನೇ ಮತ್ತೆ ಓದಿ: ಹೆರಿಗೆ ಡಿಂಗ್ ದಿನವೂ ಆಗಲಿಲ್ಲ, ಗೆಂಗ್ ದಿನವೂ ಆಗಲಿಲ್ಲ. ಅಂದಮೇಲೆ ದೊರೆಯ ಮಾತು ಸುಳ್ಳಾದದ್ದೆಲ್ಲಿ? ಬಹುಪಾಲು ಮೂಳೆಗಳಲ್ಲಿ ಕೊನೆಗೆ ಏನಾಯಿತೆಂಬ ಸಾಲೇ ಇಲ್ಲ. ಪೂರ್ವಜರಿಗೆ ನೆರೆಯ ಚಿಯಾಂಗ್ ಜನರ ಎಷ್ಟು ಮಂದಿ ಸೆರೆಯಾಳುಗಳನ್ನು ಬಲಿ ಕೊಡಬೇಕೆಂದು ಕೇಳಿದ್ದೂ ಇಂಥ ಮೂಳೆಗಳನ್ನೇ. ಅದು ಬೇರೆ ವಿಷಯ ಹೇಗಾದೀತು?

ಕಡೆಯ ದೊರೆಗಳ ಹೊತ್ತಿಗೆ ಜೋಡಿ ಪ್ರಶ್ನೆಗಳು ಬಹುಮಟ್ಟಿಗೆ ನಿಂತೇಹೋದವು. ಹತ್ತು ದಿನಕ್ಕೊಮ್ಮೆ 'ಮುಂದಿನ ಹತ್ತು ದಿನ ಕೇಡಿಲ್ಲ' ಎಂದು ಕೆತ್ತುವುದು, ದೊರೆ 'ಶುಭ' ಎನ್ನುವುದು, ಇಷ್ಟೇ. ಸುಮಾರು ಕ್ರಿ.ಪೂ. 1046ರಲ್ಲಿ ಪಶ್ಚಿಮದ ಎದುರಾಳಿ ಝೌಗಳ ಸೇನೆ ಬಂದು ಶಾಂಗ್ ವಂಶದ ಆಳ್ವಿಕೆಯನ್ನೇ ಮುಗಿಸಿತು. ಝೌಗಳೂ ಆಮೆಚಿಪ್ಪು ಸುಡುತ್ತಿದ್ದರೆನ್ನುವುದು ನನ್ನ ವಾದಕ್ಕೆ ಅಷ್ಟು ಅನುಕೂಲದ ಸಂಗತಿಯಲ್ಲ.