ಡಬ್ಬ ನೆನೆದಿತ್ತು, ಕಾದಂಬರಿಗೆ ಒಂದು ಸ್ಟಾರ್

ನನ್ನ ಹಳೆಯ ಕಾದಂಬರಿಯೊಂದು ಮತ್ತೆ ಅಚ್ಚಾಗಿ ಬಂದಿದೆ. ಓದುಗರು ಕೇಳುತ್ತಲೇ ಇದ್ದರು ಅಂತ ಬರೆಯುವುದು ರೂಢಿ. ನಿಜ ಹೇಳಬೇಕೆಂದರೆ ಯಾರೂ ಕೇಳಿರಲಿಲ್ಲ. ಪ್ರಕಾಶಕರಿಗೇ ಏನೋ ಹೊಳೆದು ಹಾಕಿದರು. ಆನ್‌ಲೈನ್ ಅಂಗಡಿಯಲ್ಲಿ ಅದರ ಮೊದಲ ವಿಮರ್ಶೆಯೂ ಬಂದಾಯಿತು. ಒಂದು ಸ್ಟಾರ್. ಕಾರಣ, ಡಬ್ಬ ನೆನೆದಿತ್ತು.

ಒಳಗಿದ್ದ ಪುಸ್ತಕ ನೆನೆದಿತ್ತಾ? ಹೇಳಿಲ್ಲ. ಓದಿದರಾ? ಅದನ್ನೂ ಹೇಳಿಲ್ಲ. ಮೊದಲೆಲ್ಲ ವಿಮರ್ಶಕರು ಪಾತ್ರಪೋಷಣೆ ಸಾಲದು, ಕೊನೆ ಅವಸರದ್ದು, ಲೇಖಕರಿಗೆ ವರ್ಗಪ್ರಜ್ಞೆ ಇಲ್ಲ ಅಂತ ಬೈಯುತ್ತಿದ್ದರು. ಅಂಥವರ ಮೇಲೆ ಸಿಟ್ಟು ಮಾಡಿಕೊಂಡು ವರ್ಷಗಟ್ಟಲೆ ಮಾತು ಬಿಡಬಹುದಿತ್ತು. ಅದರಲ್ಲೂ ಒಂದು ಸುಖ ಇತ್ತು. ಡಬ್ಬದ ಜೊತೆ ಹೇಗೆ ಮಾತು ಬಿಡುವುದು? ಅದೂ ಜುಲೈನಲ್ಲಿ, ಕೊಡಗಿನಲ್ಲಿ. ಆ ತಿಂಗಳು ಇಲ್ಲಿ ನೆನೆಯದೆ ಉಳಿಯುವುದು ಯಾವುದಿದೆ? ಬೆಂಕಿಪೆಟ್ಟಿಗೆಯನ್ನೇ ಒಲೆಯ ಪಕ್ಕ ಇಟ್ಟು ಒಣಗಿಸುವ ಜನ ನಾವು.

ಸ್ಟಾರ್ ಕೊಡುವ ಅಧಿಕಾರ ಸಿಕ್ಕಿದ್ದೇ ತಡ, ಜನ ಯಾವುದನ್ನೂ ಬಿಟ್ಟಿಲ್ಲ. ಏಪ್ರಿಲ್‌ನಲ್ಲಿ ಅಬ್ಬಿ ಫಾಲ್ಸ್‌ಗೆ ಬಂದವರು ನೀರು ಕಮ್ಮಿ ಅಂತ ಸ್ಟಾರ್ ಕತ್ತರಿಸುತ್ತಾರೆ. ಜುಲೈನಲ್ಲಿ ಬಂದವರು ಮಳೆ ಜಾಸ್ತಿ ಅಂತ ಕತ್ತರಿಸುತ್ತಾರೆ. ರಾಜಾ ಸೀಟ್‌ನಲ್ಲಿ ಮಂಜು ಅಡ್ಡ ಬಂದು ಸೂರ್ಯ ಮುಳುಗಿದ್ದು ಕಾಣಲಿಲ್ಲ, ಅದಕ್ಕೂ ಯಾರಾದರೂ ಹೊಣೆ ಹೊರಬೇಕು. ತಲಕಾವೇರಿಯ ಪುಟ್ಟ ಕುಂಡಿಕೆ ನೋಡಿ "ಸರಿ, ನದಿ ಎಲ್ಲಿ?" ಅಂತ ಕೇಳುವವರೂ ಇದ್ದಾರೆ. ಸುಮಾರು 800 ಕಿಲೋಮೀಟರ್ ಹರಿದು ಸಮುದ್ರ ಸೇರುವ ಕಾವೇರಿ ಹುಟ್ಟುವಾಗಲೇ ಫುಲ್ ಸೈಜ್ ಇರಬೇಕಂತೆ. ಇಂಥವರಿಗೆ ಮಳೆಗಾಲದಲ್ಲಿ ಭಾಗಮಂಡಲದಲ್ಲಿ ಒಂದು ರೂಮ್ ಹಿಡಿದುಕೊಡಬೇಕು. ಅವರು ನದಿ ಹುಡುಕಿಕೊಂಡು ಹೋಗುವುದೇ ಬೇಡ. ನದಿಯೇ ರೂಮಿಗೆ ಬಂದು ಮಾತಾಡಿಸಿಕೊಂಡು ಹೋಗುತ್ತದೆ.

ಇರಲಿ, ಮರುಮುದ್ರಣದ ಸಮಾಚಾರಕ್ಕೆ ಬರುತ್ತೇನೆ.

ಮುಖಪುಟ ಬಹಳ ಚೆನ್ನಾಗಿದೆ. ಹಸಿರು ಗುಡ್ಡ, ಸಾಲಾಗಿ ಕತ್ತರಿಸಿ ಬಾಚಿದ ಹಾಗಿರುವ ಗಿಡಗಳು, ಬೆನ್ನಿಗೆ ಬುಟ್ಟಿ ಹಾಕಿಕೊಂಡ ಹೆಂಗಸು. ತೊಂದರೆ ಇಷ್ಟೇ, ಅದು ಟೀ ತೋಟ. ನನ್ನ ಕಥೆ ನಡೆಯುವುದು ಕಾಫಿ ತೋಟದಲ್ಲಿ. ನಮ್ಮಲ್ಲಿ ಕಾಫಿ ನೆರಳಲ್ಲಿ ಬೆಳೆಯುತ್ತದೆ. ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಕರಿಮೆಣಸು, ಕೆಳಗೆ ಕಾಫಿ, ಅದರ ಕೆಳಗೆ ಜಿಗಣೆ. ಅಷ್ಟು ದೂರದವರೆಗೆ ಗುಡ್ಡ ಕಾಣುವುದೇ ಇಲ್ಲ. ಕೊಡಗಿನಲ್ಲಿ ಟೀ ಇಲ್ಲವೇ ಇಲ್ಲ ಅಂತಲ್ಲ, ದಕ್ಷಿಣದ ಕಡೆ ಇದೆ. ಆದರೆ ನನ್ನ ಪಾತ್ರಗಳು ಆ ಕಡೆ ಹೋಗುವುದೇ ಇಲ್ಲ. ಬಸ್ ಚಾರ್ಜಿಗೆ ದುಡ್ಡಿಲ್ಲದವರು ಅವರು.

ಪ್ರಕಾಶಕರಿಗೆ ಫೋನ್ ಮಾಡಿದೆ.

"ಎಐ ಮಾಡಿದ್ದು ಸಾರ್. ಕೂರ್ಗ್, ಎಸ್ಟೇಟ್, ಲೇಡಿ ಅಂತ ಹಾಕಿದ್ವಿ. ಅದೇ ಬಂತು."

"ಬದಲಾಯಿಸಿ."

"ಯಾರಿಗೂ ಗೊತ್ತಾಗಲ್ಲ ಬಿಡಿ ಸಾರ್. ಹಸಿರು ಇದ್ರೆ ಆಯ್ತು."

ಆ ಲೇಡಿಗೆ ಎಐ ಕೊಡವ ಸೀರೆಯನ್ನೂ ಉಡಿಸಿದೆ. ನೆರಿಗೆ ಮಾತ್ರ ಮುಂದಕ್ಕೆ ಬಿಟ್ಟಿದೆ. ಹಿಂದಕ್ಕೆ ಸಿಕ್ಕಿಸಬೇಕು ಅನ್ನುವುದು ಇಲ್ಲಿ ಮದುವೆ ಊಟಕ್ಕೆ ಬಂದವರಿಗೂ ಗೊತ್ತು. ಅಷ್ಟಕ್ಕೂ ನನ್ನ ನಾಯಕಿ ಕೊಡವತಿಯೂ ಅಲ್ಲ, ಎಸ್ಟೇಟಿನಲ್ಲಿ ಕೂಲಿಯವರಿಗೆ ಕಟ್ಟಿದ ಲೈನ್ ಮನೆಯವಳು. ಹಿಂಬದಿಯಲ್ಲಿ "ಕಾಫಿ ಹೂವಿನ ಘಮದಲ್ಲಿ ಅರಳಿದ ಪ್ರೇಮಕಾವ್ಯ" ಅಂತ ಇದೆ. ಕಥೆ ಇರುವುದು ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆದು ಸಿಕ್ಕಿಬೀಳುವ ಎಸ್ಟೇಟ್ ರೈಟರ್, ಅಂದರೆ ತೋಟದ ಗುಮಾಸ್ತ ಒಬ್ಬನದು. ಪ್ರೇಮ ಇದೆ, ಇಲ್ಲ ಅನ್ನಲ್ಲ. ಒಂದು ಪುಟ. ಅಷ್ಟರಲ್ಲಿ ಮಳೆ ಬರುತ್ತದೆ.

"ಪರಿಷ್ಕೃತ ಆವೃತ್ತಿ" ಅಂತಲೂ ಹಾಕಿದ್ದಾರೆ. ನಾನು ಒಂದು ಅಕ್ಷರ ಮುಟ್ಟಿಲ್ಲ. ಪರಿಷ್ಕರಿಸಿದ್ದು ಕಂಪ್ಯೂಟರ್. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಪುಸ್ತಕ, ಹಾಗಾಗಿ ಹಳೆಯ ಪ್ರತಿಯನ್ನು ಸ್ಕ್ಯಾನ್ ಮಾಡಿ ಯಂತ್ರದ ಕೈಲಿ ಓದಿಸಿದರು. ಅದಕ್ಕೆ ಫ ಮತ್ತು ಘ ಎರಡೂ ಒಂದೇ. ಇಡೀ ಕಾದಂಬರಿಯಲ್ಲಿ ಜನ ಕಾಘಿ ಕೊಯ್ಯುತ್ತಾರೆ, ಕಾಘಿ ಒಣಗಿಸುತ್ತಾರೆ, ಸಂಜೆ ಕಾಘಿ ಕುಡಿಯುತ್ತಾರೆ. ತಿದ್ದಿ ಅಂದೆ. ಪಾಪ, ತಿದ್ದಿದರು. ಎಲ್ಲವನ್ನೂ ಒಂದೇ ಏಟಿಗೆ ತಿದ್ದಿದರು. ಈಗ ಕಾಫಿ ಸರಿಯಾಗಿದೆ. ಎಸ್ಟೇಟಿನಲ್ಲಿ ಬೆಳಿಗ್ಗೆ ಫಂಟೆ ಹೊಡೆಯುತ್ತದೆ, ಆಕಾಶದಲ್ಲಿ ಮೇಫ ಕವಿಯುತ್ತದೆ.

ಆದರೂ ಪ್ರಕಾಶಕರ ಉತ್ಸಾಹವನ್ನು ಮೆಚ್ಚಲೇಬೇಕು. ಬಂದು ತಿಂಗಳಾಗಿಲ್ಲ, ಆಗಲೇ "ನಾಲ್ಕನೇ ಮುದ್ರಣ" ಅಂತ ಪೋಸ್ಟರ್ ಹಾಕಿದ್ದಾರೆ. ಹಿಂದೆ ಒಂದು ಮುದ್ರಣ ಅಂದರೆ ಸಾವಿರ ಪ್ರತಿ. ಅದು ಖರ್ಚಾಗುವಷ್ಟರಲ್ಲಿ ಲೇಖಕನ ಮಕ್ಕಳ ಮದುವೆ ಆಗಿರುತ್ತಿತ್ತು. ಈಗ ಡಿಜಿಟಲ್ ಕಾಲ. ಐವತ್ತು ಹಾಕಿದರೂ ಒಂದು ಮುದ್ರಣ. ಮನಸ್ಸು ಮಾಡಿದರೆ ಬಿಡುಗಡೆ ಸಮಾರಂಭದಲ್ಲಿ ಸ್ವಾಗತ ಭಾಷಣಕ್ಕೂ ವಂದನಾರ್ಪಣೆಗೂ ನಡುವೆ ಎರಡು ಮುದ್ರಣ ಮುಗಿಸಬಹುದು.

ಬೆಲೆ ಯಾಕೆ ಇಷ್ಟು ಅಂತ ನೀವು ಕೇಳುತ್ತೀರಿ. ಕಾಗದದ ಕಥೆ ನಿಮಗೆ ಗೊತ್ತೇ ಇದೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಅದರ ಕಾಗದಕ್ಕೆ ಇದೆ. 2025ರ ಸೆಪ್ಟೆಂಬರ್ 22ರಿಂದ ಅದು 12%ನಿಂದ 18%ಗೆ ಏರಿತು. ಪುಸ್ತಕಕ್ಕೆ ತೆರಿಗೆಯೇ ಇಲ್ಲದ್ದರಿಂದ ಕಾಗದಕ್ಕೆ ಕಟ್ಟಿದ್ದನ್ನು ವಾಪಸ್ ಕೇಳುವ ಹಾಗೂ ಇಲ್ಲ. ಅದೇ ಹೊತ್ತಿಗೆ ಮಕ್ಕಳ ನೋಟ್‌ಬುಕ್ಕಿಗೂ ಅದರ ಕಾಗದಕ್ಕೂ ತೆರಿಗೆ ತೆಗೆದರು. ಒಳ್ಳೆಯದೇ ಮಾಡಿದರು. ಆದರೆ ಸರ್ಕಾರದ ಅಭಿರುಚಿ ನೋಡಿ. ಹಾಳೆ ಖಾಲಿ ಇದ್ದರೆ ಬಿಟ್ಟಿ, ಏನಾದರೂ ಅಚ್ಚಾಗುವುದಾದರೆ 18%. ವಿಮರ್ಶಕರೂ ನನಗೆ ಇದನ್ನೇ ಹೇಳುತ್ತಿದ್ದರು, ಬರೆಯದೇ ಇದ್ದಿದ್ದರೆ ಎಲ್ಲರಿಗೂ ಲಾಭ ಅಂತ.

ಗ್ರಂಥಾಲಯದವರು ಕೊಳ್ಳಲ್ವಾ ಅಂತ ಕೇಳಬೇಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ನಿಮ್ಮ ಆಸ್ತಿ ತೆರಿಗೆಯ ಜೊತೆ 6% ಗ್ರಂಥಾಲಯ ಕರ ವಸೂಲಾಗುತ್ತದೆ. ನೀವು ಕಟ್ಟಿದ್ದೀರಿ. ಅದು ಪುಸ್ತಕವಾಗಿ ಕಪಾಟಿಗೆ ಬರುವುದು ಯಾವಾಗ ಅನ್ನುವುದು ಬೇರೆ ಕಾದಂಬರಿ.

ಈಗ ಗ್ರಾಹಕನಾಗಿ ನನ್ನ ಕಷ್ಟ. ಮೊನ್ನೆ ಮನೆಯಲ್ಲಿ ಕಾಫಿಪುಡಿ ಮುಗಿದಿತ್ತು. ಕಾಫಿ ನಾಡಿನಲ್ಲಿ ಕೂತು ಅಂಗಡಿಯಿಂದ ಪ್ಯಾಕೆಟ್ ತರಬೇಕಾಯಿತು. ನಗಬೇಡಿ, ಇಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಬೆಳೆದ ಕಾಫಿ ಮೂಟೆ ಲಾರಿ ಹತ್ತಿ ಹೋಗುತ್ತದೆ. ಪ್ಯಾಕೆಟ್ಟಿನ ಮೇಲೆ ಕೊಡಗಿನ ಬೆಟ್ಟ, ಮಂಜು, ಒಂದು ಆನೆ. ತಿರುಗಿಸಿ ಸಣ್ಣಕ್ಷರ ಓದಿದರೆ, ಕಾಫಿ 51%, ಚಿಕೋರಿ 49%. ಕಾನೂನು ಅಷ್ಟಕ್ಕೆ ಒಪ್ಪುತ್ತದೆ. ಬಹುಮತ ಇದ್ದರೆ ಸಾಕು, ಸರ್ಕಾರ ಕಾಫಿಯದ್ದೇ. ನನ್ನ ಪ್ರಕಾಶಕರು ಇದನ್ನು ಓದದಿರಲಿ. ಕಾದಂಬರಿ 51%, ಮುನ್ನುಡಿ, ಬೆನ್ನುಡಿ, ಆಶಯನುಡಿ 49% ಅಂತ ಶುರು ಮಾಡುತ್ತಾರೆ.

ಮಡಿಕೇರಿಯಲ್ಲಿ ಹೆಜ್ಜೆಗೊಂದು "ಹೋಂಮೇಡ್ ಚಾಕಲೇಟ್" ಅಂಗಡಿ ಇದೆಯಲ್ಲ, ಯಾರ ಹೋಂ ಅಂತ ಒಮ್ಮೆ ಕೇಳಿ ನೋಡಿ. ಮುಖ ನೋಡುತ್ತಾರೆ ಅಷ್ಟೇ.

ಲೇಖಕನಿಗೆ ಸಲ್ಲಬೇಕಾದ ಗೌರವಪ್ರತಿಗಳು ಕೊರಿಯರ್‌ನಲ್ಲಿ ಬಂದವು. ಬಂದವು ಅನ್ನುವುದು ದೊಡ್ಡ ಮಾತು, ಗೇಟಿನ ತನಕ ಬಂದವು. ಗಾಳಿಗೆ ಮರ ಬಿದ್ದು ಕರೆಂಟ್ ಹೋಗಿತ್ತು. ಕರೆಂಟ್ ಹಿಂದೆ ಟವರೂ ಹೋಗಿತ್ತು.

"ಸಾರ್, ಒಟಿಪಿ ಹೇಳಿ."

"ನೆಟ್‌ವರ್ಕ್ ಇಲ್ಲ ಮಾರಾಯ. ಪುಸ್ತಕದ ಮೇಲೆ ನನ್ನ ಹೆಸರೇ ಇದೆ. ಹಿಂದೆ ಫೋಟೋನೂ ಇದೆ, ನೋಡು."

"ಅದು ಆಪ್‌ಗೆ ಗೊತ್ತಾಗಲ್ಲ ಸಾರ್. ಮೇಲೆ ಗುಡ್ಡಕ್ಕೆ ಹೋದ್ರೆ ಸಿಗುತ್ತೆ."

ಹುಡುಗನ ತಪ್ಪಲ್ಲ, ಅವನೂ ನೆನೆಯುತ್ತಿದ್ದ. ಕೊಡೆ ಹಿಡಿದು ಗುಡ್ಡ ಹತ್ತಿದೆ. ಸಿಗ್ನಲ್ ಸಿಕ್ಕಿತು. ಬಂದ ಸಂದೇಶ ಹೀಗಿತ್ತು: "ಗ್ರಾಹಕರು ಮನೆಯಲ್ಲಿ ಇಲ್ಲದ ಕಾರಣ ಪಾರ್ಸೆಲ್ ಹಿಂದಿರುಗಿಸಲಾಗಿದೆ. ನಮ್ಮ ಸೇವೆಗೆ ಸ್ಟಾರ್ ನೀಡಿ."

ನನ್ನದು ಬಿಡಿ. ನನ್ನ ಪುಸ್ತಕ ತಡವಾದರೆ ಯಾರ ಹೊಟ್ಟೆಯೂ ಹಸಿಯುವುದಿಲ್ಲ. ಆದರೆ ಇದೇ ಆಟ ನ್ಯಾಯಬೆಲೆ ಅಂಗಡಿಯಲ್ಲೂ ನಡೆಯುತ್ತಿದೆ. ವರ್ಷಾನುಗಟ್ಟಲೆ ಕಾಫಿ ಕೊಯ್ದು, ಕಳೆ ಕಿತ್ತು, ಬೆರಳಿನ ಗೆರೆಯೇ ಸವೆದುಹೋದ ಹೆಂಗಸು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತುತ್ತಾಳೆ. ಯಂತ್ರ ಒಪ್ಪುವುದಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. ಸರ್ವರ್ ಇಲ್ಲ. ನಾಳೆ ಬಾ. ನಾಳೆ ಬಂದರೆ ಒಂದು ದಿನದ ಕೂಲಿ ಹೋಯಿತು. ಅಕ್ಕಿ ಅಲ್ಲೇ ಮೂಟೆಯಲ್ಲಿದೆ, ಕಣ್ಣಿಗೆ ಕಾಣುತ್ತದೆ. ಅಂಗಡಿಯವನಿಗೂ ಅವಳು ಯಾರು ಅಂತ ಗೊತ್ತು, ಅವಳ ಅಮ್ಮ ಯಾರು ಅಂತಲೂ ಗೊತ್ತು. ಕೊಡುವ ಹಾಗಿಲ್ಲ. ಯಾರನ್ನು ಕೇಳಿದರೂ ಸಿಸ್ಟಂ ಅನ್ನುತ್ತಾರೆ. ಯಾರೂ ಹೊಣೆ ಆಗಬಾರದು ಅಂತಲೇ ಕಟ್ಟಿದ ಏರ್ಪಾಡು ಇದು. ಸಾಕಾಗಿ ಹೋಗಿದೆ. ಅವಳ ಹತ್ತಿರ ಸ್ಟಾರ್ ಕೇಳಲು ಯಾರೂ ಬಂದಿಲ್ಲ.

ಕೊರಿಯರ್ ಇಷ್ಟು ಕಷ್ಟವಾದರೆ ಪುಸ್ತಕವನ್ನು ಓದುಗರಿಗೆ ನೀವೇ ಅಂಚೆಯಲ್ಲಿ ಕಳಿಸಿ ಅಂತ ಕೆಲವರು ಸಲಹೆ ಕೊಟ್ಟಿದ್ದಾರೆ. ಕಳಿಸಬಹುದಿತ್ತು. ಪುಸ್ತಕಕ್ಕೆ ಅಂತಲೇ ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಇತ್ತು. ನಮ್ಮಂಥ, ರೈಲೇ ಇಲ್ಲದ ಜಿಲ್ಲೆಯವರಿಗೆ ಅದು ದೊಡ್ಡ ಆಸರೆ. 2024ರ ಡಿಸೆಂಬರ್‌ನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋಯಿತು. ಜನ ಗಲಾಟೆ ಮಾಡಿದ ಮೇಲೆ 2025ರ ಮೇ 1ರಿಂದ "ಜ್ಞಾನ್ ಪೋಸ್ಟ್" ಬಂತು. 300 ಗ್ರಾಂಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ದರಕ್ಕೆ ನನ್ನ ತಕರಾರಿಲ್ಲ. ಪಠ್ಯಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಸಾಹಿತ್ಯ ಎಲ್ಲ ಕಳಿಸಬಹುದು.

ನನ್ನ ಕಾದಂಬರಿಯಲ್ಲಿ ಜ್ಞಾನ ಇದೆ ಅಂತ ನಾನೇ ಹೇಗೆ ಹೇಳಿಕೊಳ್ಳಲಿ? ಓದಿದವರು ಯಾರೂ ಈವರೆಗೆ ಹಾಗೆ ದೂರು ಕೊಟ್ಟಿಲ್ಲ. ಅದಕ್ಕೇ ಐದನೇ ಮುದ್ರಣದಲ್ಲಿ, ಅಂದರೆ ಮುಂದಿನ ವಾರ, ಕೊನೆಗೆ ಒಂದಷ್ಟು ಪ್ರಶ್ನೆ ಸೇರಿಸೋಣ ಅಂದಿದ್ದೇನೆ. ನಾಯಕ ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆದದ್ದು ಯಾವ ವಾರ? ಅ) ಸೋಮವಾರ, ಆ) ಬುಧವಾರ, ಇ) ಕೂಲಿ ಬಟವಾಡೆಯ ದಿನ, ಈ) ಮೇಲಿನ ಎಲ್ಲವೂ. ಮುಖಪುಟದಲ್ಲಿ "ಎಲ್ಲ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಉಪಯುಕ್ತ" ಅಂತ ಹಾಕಿದರೆ ಮುಗಿಯಿತು. ಪ್ರಕಾಶಕರಿಗೆ ಈ ಐಡಿಯಾ ಎಷ್ಟು ಹಿಡಿಸಿತೆಂದರೆ, ಪ್ರಶ್ನೆಗಳನ್ನು ಬೇರೆ ಪುಸ್ತಕವಾಗಿಯೇ ತರೋಣ, ಕಾದಂಬರಿಗಿಂತ ಜಾಸ್ತಿ ಹೋಗುತ್ತೆ ಸಾರ್ ಅಂದರು.

ಅಲ್ಲಿಯವರೆಗೆ ಪುಸ್ತಕ ಬೇಕಾದವರು ಜಿಲ್ಲೆಯೊಳಗಿದ್ದರೆ ತಿಳಿಸಿ. ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆ, ಎಲ್ಲಿಗಾದರೂ ಸರಿ, ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸುತ್ತೇನೆ. ಅವರಿಗೆ ಒಟಿಪಿ ಬೇಡ, ಹೆಸರು ಹೇಳಿದರೆ ಸಾಕು. ಕಟ್ಟನ್ನು ಇಂಜಿನ್ ಪಕ್ಕ ಇಡುವುದರಿಂದ ನೆನೆಯುವುದೂ ಇಲ್ಲ. ಬಸ್ ಬರುವ ಹೊತ್ತಿಗೆ ನೀವೇ ಸ್ಟ್ಯಾಂಡಿನಲ್ಲಿ ಇರಬೇಕು. ತಡವಾದರೆ ಪಕ್ಕದ ಹೋಟೆಲಿನಲ್ಲಿ ಕೊಟ್ಟು ಹೋಗಿರುತ್ತಾರೆ. ಪಾರ್ಸೆಲ್ ಇಟ್ಟುಕೊಂಡಿದ್ದಕ್ಕೆ ಅಲ್ಲೊಂದು ಕಾಫಿ ಕುಡಿಯಬೇಕಾಗುತ್ತದೆ. ಚಿಕೋರಿ ಎಷ್ಟು ಅಂತ ದಯವಿಟ್ಟು ಕೇಳಬೇಡಿ, ನಾಳೆಯೂ ಕಟ್ಟು ಕಳಿಸುವುದಿದೆ.