ಬೊಲೆರೊ ಇದ್ದವರೆಲ್ಲ ಕಾಂಟ್ರಾಕ್ಟರ್‌ಗಳಲ್ಲ ಸಾರ್

ಥಾರ್ ಓಡಿಸುವವರು ಶೋಕಿವಾಲರು, ಬೊಲೆರೊದಲ್ಲಿ ಬರುವವರು ಕಾಂಟ್ರಾಕ್ಟರ್ ಇಲ್ಲವೇ ಪುಢಾರಿ, ಓಮ್ನಿ ಅಂದರೆ ಸಿನಿಮಾದ ಕಿಡ್ನಾಪ್ ಗಾಡಿ. ಗಾಡಿ ನೋಡಿ ಅದರ ಮಾಲೀಕ ಎಂಥವನು ಅಂತ ಹೇಳುವ ಲೇಖನವೊಂದರ ಈ ಪಟ್ಟಿ ಓದಿ ನಗು ಬಂತು. ಬೆಂಗಳೂರಿನ ಸಿಗ್ನಲ್‌ನಲ್ಲಿ ನಿಂತು ನೋಡಿದರೆ ಹಾಗೆ ಕಾಣಬಹುದೇನೋ.

ಹೊಸನಗರ, ತೀರ್ಥಹಳ್ಳಿ ಕಡೆ ಡಾಂಬರು ರಸ್ತೆ ಬಿಟ್ಟ ಮೇಲೆ ಎಷ್ಟೋ ಮನೆಗಳಿಗೆ ಮಣ್ಣಿನ ದಾರಿಯೇ ಗತಿ. ಜೂನ್‌ನಲ್ಲಿ ಮಳೆ ಹಿಡಿದರೆ ಅಲ್ಲಿ ತಗ್ಗಿನ ಕಾರುಗಳ ತಳ ಉಜ್ಜುತ್ತದೆ. ಬೊಲೆರೊದ ತಳ ನೆಲದಿಂದ 180 ಮಿ.ಮೀ. ಎತ್ತರ, ಗಟ್ಟಿ ಚಾಸಿಸ್, ಹಿಂದೆ ಪಟ್ಟಿ ಸ್ಪ್ರಿಂಗ್. ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ರಿಪೇರಿ ಮಾಡುತ್ತಾನೆ. ಅಡಿಕೆ ಬೆಳೆಗಾರ ಅದನ್ನು ಕೊಳ್ಳುವುದು ಇಷ್ಟಕ್ಕೇ, ಗತ್ತು ತೋರಿಸಲಿಕ್ಕಲ್ಲ.

ಇನ್ನು ಓಮ್ನಿ! 1984ರಲ್ಲಿ ಬಂದು 2019ರಲ್ಲಿ ನಿಂತುಹೋಯಿತು. ನಮ್ಮಲ್ಲಿ ಅದರ ಹಿಂದಿನ ಸೀಟು ತೆಗೆದು ಅಡಿಕೆ ಮೂಟೆ ಹೇರುತ್ತಿದ್ದರು. ಮಾರನೇ ದಿನ ಅದೇ ಸೀಟು ಹಾಕಿ ಮದುವೆ ದಿಬ್ಬಣ. ರಾತ್ರಿ ಹೊತ್ತು ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ ಗಾಡಿ. ಕಿಡ್ನಾಪ್ ಅಂತೆ.

ಹಾಗಂತ ಲೇಖಕರದ್ದು ಪೂರ್ತಿ ಸುಳ್ಳು ಅನ್ನಲಾರೆ. ಅಡಿಕೆಗೆ ರೇಟು ಬಂದ ವರ್ಷ ಶಿವಮೊಗ್ಗದ ಶೋರೂಂಗಳಲ್ಲಿ ಜನವೋ ಜನ. ಪಕ್ಕದ ಮನೆಯವರು ತಂದರು ಅಂತ ತಾವೂ ತರುವವರು ಇದ್ದೇ ಇದ್ದಾರೆ. ಆಗುಂಬೆ ಮಳೆಯಲ್ಲಿ ಸನ್‌ರೂಫ್ ಯಾಕೆ ಬೇಕೋ ದೇವರೇ ಬಲ್ಲ. ಥಾರ್ ಕೂಡ 2023ರಿಂದ ನಾಲ್ಕೂ ಚಕ್ರ ಎಳೆಯದ, ಬರೀ ಹಿಂದಿನ ಚಕ್ರ ಎಳೆಯುವ ಮಾದರಿಯಲ್ಲೂ ಸಿಗುತ್ತದೆ. ಅದನ್ನು ಕೊಂಡವರು ಕೆಸರು ದಾಟಲು ಕೊಂಡಿರಲಿಕ್ಕಿಲ್ಲ ಅಲ್ವಾ?