ಬಾಗಿಲಿಗೆ ಟ್ವೀಡ್ ಹಾಕಿದ್ರೆ ಸೂಟ್ ಆಗುತ್ತಾ?

ಬೆಂಟ್ಲಿ ಕಾರಿನ ಬಾಗಿಲ ಒಳಮೈಗೆ ಸ್ಕಾಟ್ಲೆಂಡಿನ ಹಾವಿಕ್‌ನಲ್ಲಿರೋ ಲವಟ್ ಮಿಲ್‌ನ ಟ್ವೀಡ್ (ಕೋಟಿಗೆ ಬಳಸೋ ದಪ್ಪ ಉಣ್ಣೆ ಬಟ್ಟೆ) ಹಾಕಿ ಕೊಡೋದು ಚೆನ್ನಾಗೇ ಇದೆ ಬಿಡಿ, ಹೆರಿಂಗ್‌ಬೋನ್, ಗ್ಲೆನ್ ಪ್ಲೇಡ್ ಎಲ್ಲಾ ಕೋಟಿನ ಡಿಸೈನುಗಳೇ. ಆದ್ರೆ ಇದು ಲಂಡನ್ನಿನ ಸ್ಯಾವಿಲ್ ರೋ ದರ್ಜಿಗಳು ಸೂಟ್ ಹೊಲಿದಂಗೇನೆ ಅಂತ ಹೋಲಿಸ್ತಾರಲ್ಲ, ಅದು ಸ್ವಲ್ಪ ಜಾಸ್ತಿ ಆಯ್ತು. ಅಲ್ಲಿ ಮೈ ಅಳತೆ ತಗೊಂಡು ನಿಮ್ಮೊಬ್ರಿಗೇ ಅಂತ ಪೇಪರ್ ಪ್ಯಾಟರ್ನ್ ಕತ್ತರಿಸ್ತಾರೆ, ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡ್ತಾರೆ, ಬಿಚ್ತಾರೆ, ಮತ್ತೆ ಹೊಲೀತಾರೆ. ಇಲ್ಲಿ ಕಾರಿನ ಬಾಡಿ ಎಲ್ಲರಿಗೂ ಒಂದೇ, ಬಟ್ಟೆ ಬಣ್ಣ ದಾರ ಮಾತ್ರ ನಮ್ಮಿಷ್ಟ.

ನಿಜವಾಗ್ಲೂ ಹೊಲಿಸಿದ ಕಾರು ಅಂದ್ರೆ ಹಳೇ ಕಾಲದ್ದು ಸ್ವಾಮಿ. ಆಗ ರೋಲ್ಸ್ ರಾಯ್ಸ್‌ನೋರು ಇಂಜಿನ್ನು, ಚಾಸಿ (ಅಂದ್ರೆ ಕಾರಿನ ಅಡಿ ಚೌಕಟ್ಟು) ಅಷ್ಟೇ ಕೊಡ್ತಿದ್ರು, ಹೂಪರ್, ಬಾರ್ಕರ್, ಎಚ್.ಜೆ. ಮುಲಿನರ್ ಥರದ ಕೋಚ್‌ಬಿಲ್ಡರ್‌ಗಳು ಗಿರಾಕಿ ಹೇಳ್ದಂಗೆ ಅದರ ಮೇಲೆ ಬಾಡಿ ಕಟ್ತಿದ್ರು, ನಮ್ಮ ಮಹಾರಾಜರು ಬೇಟೆಗೊಂದು ಮೆರವಣಿಗೆಗೊಂದು ಅಂತ ಮಾಡಿಸ್ಕೊಂಡಿದ್ದೂ ಹಂಗೇನೆ. 1965ರಲ್ಲಿ ಸಿಲ್ವರ್ ಶ್ಯಾಡೋ ಬಂದು ಬಾಡಿ-ಚಾಸಿ ಒಂದೇ ಆದ್ಮೇಲೆ ಆ ಕಸುಬಿಗೆ ದೊಡ್ಡ ಹೊಡೆತ ಬಿತ್ತು. ಬೆಂಟ್ಲಿಯ ಕಸ್ಟಮ್ ವಿಭಾಗಕ್ಕೆ ಈಗ್ಲೂ ಮುಲಿನರ್ ಹೆಸರೇ ಇರೋದು ನೋಡಿ.

ಅಂದಹಾಗೆ ಬಾಗಿಲಿಗೆ ಓಕೆ, ಸೀಟಿಗೆ ಮಾತ್ರ ಉಣ್ಣೆ ಬೇಡಪ್ಪ, ಕಾಫಿ ಚೆಲ್ಲಿದ್ರೆ ಲೆದರ್ ಥರ ಒರೆಸೋಕಾಗಲ್ಲ.